ಕೊಡುವುದಕ್ಕೂ ಹಕ್ಕು ಬೇಕು

ನಮ್ಮ ದೇಶದ ಕಾನೂನಿನ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಇದು ತಮಾಷೆಯ ಮಾತಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯು ‘ಸಾಹಿತ್ಯ ಕೃತಿ’ ಎಂದರೇನು ಎಂದು ಹೇಳುವಾಗ ಕಂಪ್ಯೂಟರ್ ಪ್ರೋಗ್ರಾಂ, ಕೋಷ್ಟಕ, ಸಂಕಲನ, ಕಂಪ್ಯೂಟರಿನ ದತ್ತಾಂಶ ಸಂಗ್ರಹ ಇವೆಲ್ಲವನ್ನೂ ಅದರೊಳಗೇ ಸೇರಿಸಿಬಿಟ್ಟಿದೆ. ಕಾನೂನಿನ ಮುಂದೆ ಕಾದಂಬರಿಯೂ, ಕನ್ನಡ ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವ ನೂರು ಸಾಲಿನ ಕೋಡೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ನೆಂಟರು. ಹಾಗಿದ್ದೂ ಸಾಹಿತ್ಯ ವಿಮರ್ಶೆ ಮಾಡುವ ನಾವು ಈ ನೆಂಟನ ಕಡೆ ತಿರುಗಿ ನೋಡಿದ್ದು ಕಡಿಮೆ.

ಕೋಡನ್ನು ಓದಿ ಬೆಲೆ ಕಟ್ಟುವ ವಿದ್ಯೆ ನನ್ನದಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಗ್ರಂಥ ಸಂಪಾದನೆಯ ಪತ್ರಿಕೆಯನ್ನು ವರ್ಷಗಟ್ಟಲೆ ಕಲಿಸಿ, ಈಗ ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ನೆಲೆಸಿರುವವನು. ಆದರೆ ಕೋಡಿನ ಜೊತೆಗೆ ಒಂದೆರಡು ಪುಟದ ಗದ್ಯವೂ ಹೋಗುತ್ತದೆ, ಅದನ್ನು ಓದಬಲ್ಲೆ. ಮುಕ್ತ ತಂತ್ರಾಂಶದ ಫೌಂಡೇಶನ್ನಿಗೆ ಯಾರಾದರೂ ತಾವು ಬರೆದ ಕೋಡನ್ನು ಕೊಡಲು ಹೋದರೆ ಅವರು ಅದನ್ನು ಹಾಗೇ ಜೋಳಿಗೆಗೆ ಹಾಕಿಕೊಳ್ಳುವುದಿಲ್ಲ. ಇದನ್ನು ಬರೆದವರು ಯಾರು, ಕೊಡುವ ಅಧಿಕಾರ ನಿಮಗಿದೆಯೇ, ಒಳಗೆ ಬೇರೆಯವರದು ಏನಾದರೂ ಸೇರಿದೆಯೇ ಎಂದು ಕೇಳುತ್ತಾರೆ. ಕೊಡುವವರು ಉತ್ತರ ಬರೆದು ಸಹಿ ಹಾಕಬೇಕು. ಬೌದ್ಧಿಕ ಆಸ್ತಿಯ ಪರಿಶೀಲನೆ ಎಂದು ಇದಕ್ಕೆ ಹೆಸರು. ಆ ಪತ್ರಗಳನ್ನು ಒಂದು ಗದ್ಯ ಪ್ರಕಾರವೆಂದೇ ತಿಳಿದು, ಅವುಗಳಲ್ಲಿ ಯಾವುದು ಒಳ್ಳೆಯ ಬರಹ, ಯಾವುದು ಸೋತ ಬರಹ, ಕನ್ನಡದ ಕೆಲಸಕ್ಕೆ ಅವುಗಳಿಂದ ಏನು ಬೇಕು ಎಂದು ನೋಡುವುದು ಈ ವಾರದ ಉದ್ದೇಶ.

ನಾನು ಇದಕ್ಕೆ ಕೈಹಾಕಲು ಕಾರಣ ನಮ್ಮೂರಿನ ಒಬ್ಬ ಹುಡುಗ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಮೂರು ವರ್ಷ ರಾತ್ರಿ ಹೊತ್ತು ಕೂತು ಕನ್ನಡದ ಕಾಗುಣಿತ ತಪ್ಪು ಹಿಡಿಯುವ ಒಂದು ಪ್ರೋಗ್ರಾಂ ಬರೆದಿದ್ದ. ಅದನ್ನು ಫೌಂಡೇಶನ್ ಒಂದಕ್ಕೆ ಕೊಡಲು ಹೊರಟಾಗ ಬಂದ ಪ್ರಶ್ನಾವಳಿ ಹಿಡಿದುಕೊಂಡು ನನ್ನ ಹತ್ತಿರ ಬಂದ. “ಸಾರ್, ಪುಕ್ಕಟೆ ಕೊಡ್ತೀನಿ ಅಂದ್ರೂ ಕಳ್ಳನ್ನ ವಿಚಾರಿಸ್ದಂಗೆ ವಿಚಾರಿಸ್ತಾರಲ್ಲ?” ಎಂದ. “ನಿಮ್ಮಪ್ಪ ಕೆರೆ ಕೆಳಗಿನ ಹತ್ತು ಗುಂಟೆ ಸ್ಕೂಲಿಗೆ ಕೊಡ್ತೀನಿ ಅಂದಾಗ ಏನಾಯ್ತು, ಹೇಳು ನೋಡೋಣ” ಎಂದೆ. ನಕ್ಕುಬಿಟ್ಟ. ಆ ಜಮೀನು ಇನ್ನೂ ತಾತನ ಹೆಸರಿನಲ್ಲಿತ್ತು. ಇಬ್ಬರು ಸೋದರತ್ತೆಯರ ಸಹಿಗಾಗಿ ಇವರಪ್ಪ ಒಂದೂವರೆ ವರ್ಷ ಅರಸೀಕೆರೆಗೂ ಬೇಲೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗೂ ಅಲೆದಿದ್ದರು.

ನಮ್ಮ ಹೋಬಳಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕ್ರಯಕ್ಕೆ ಕೊಳ್ಳುವವರಂತೆ ದಾನವಾಗಿ ಪಡೆಯುವವರೂ ಪಹಣಿ ತೆಗೆಸುತ್ತಾರೆ, ಮ್ಯುಟೇಶನ್ ನೋಡುತ್ತಾರೆ, ಇ.ಸಿ. ತೆಗೆಸಿ ಬ್ಯಾಂಕಿನ ಸಾಲವಿದೆಯೇ ಎಂದು ಪರೀಕ್ಷಿಸುತ್ತಾರೆ. ವಂಶವೃಕ್ಷದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಬಿಟ್ಟುಹೋಗಿದ್ದರೆ ಇಪ್ಪತ್ತು ವರ್ಷದ ಮೇಲೆ ಆಕೆಯ ಮಗ ಬಂದು ಶಾಲೆಯ ಗೋಡೆಯೆದುರು ನಿಲ್ಲಬಹುದು. ಅಷ್ಟರಲ್ಲಿ ಅಲ್ಲಿ ಕೊಠಡಿಗಳು ಎದ್ದಿರುತ್ತವೆ, ಮಕ್ಕಳು ಓದುತ್ತಿರುತ್ತಾರೆ. ಮುಕ್ತ ತಂತ್ರಾಂಶದಲ್ಲಿ ಈ ಅಪಾಯ ಇನ್ನೂ ದೊಡ್ಡದು. ಒಬ್ಬ ಕೊಟ್ಟ ಕೋಡಿನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ ಕಟ್ಟುತ್ತಾ ಹೋಗುವುದೇ ಅದರ ಸ್ವಭಾವ. ತಳದ ಕಲ್ಲು ಬೇರೆಯವರದೆಂದು ಗೊತ್ತಾಗುವ ದಿನಕ್ಕೆ ಮೇಲೆ ಎಷ್ಟು ಅಂತಸ್ತು ಇರುತ್ತದೋ ಹೇಳಲಾಗದು.

2004ರಲ್ಲಿ ಸ್ವತಂತ್ರ ಸಂಸ್ಥೆಯಾದ ಎಕ್ಲಿಪ್ಸ್ ಫೌಂಡೇಶನ್ ಈ ವಿಷಯದಲ್ಲಿ ಬಲು ಕಟ್ಟುನಿಟ್ಟೆಂದು ಹೆಸರಾದದ್ದು. ಹೊರಗಿನವರಿಂದ ಸಾವಿರ ಸಾಲು ಮೀರಿದ ಕೋಡು ಬಂದರೆ ಅದು ಅಲ್ಲಿನ ಬೌದ್ಧಿಕ ಆಸ್ತಿಯ ತಂಡದ ಮುಂದೆ ಹೋಗಲೇಬೇಕು. ಮೂಲ ಯಾವುದು, ಲೈಸೆನ್ಸ್ ನಮ್ಮದರೊಡನೆ ಹೊಂದುತ್ತದೆಯೇ, ಬೇರೆಡೆಯಿಂದ ಎತ್ತಿಕೊಂಡ ತುಣುಕುಗಳಿವೆಯೇ ಎಂದು ಅವರು ನೋಡುತ್ತಾರೆ. ಗ್ರಂಥ ಸಂಪಾದನೆ ಓದಿದವರಿಗೆ ಈ ಪ್ರಶ್ನೆಗಳು ಹಳೆಯ ಪರಿಚಯದವು. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ಒಂದು ತಲೆಮಾರಿನ ಉದ್ದಕ್ಕೂ ವಾದಿಸಿದರು. ವಚನಗಳಲ್ಲಿ ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಅಂಕಿತ ಹಿಡಿದು ಬಿಡಿಸಿದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಹಿಡಿದು ತರಗತಿಯಲ್ಲಿ ನಾವು ಹುಡುಕುತ್ತಿದ್ದ ಪ್ರಕ್ಷೇಪವನ್ನೇ ಇವರು ಈಗ ಯಂತ್ರ ಹಚ್ಚಿ ಹುಡುಕುತ್ತಾರೆ. ನಾವು ಕೃತಿ ಬರೆದು ಶತಮಾನಗಳಾದ ಮೇಲೆ ಈ ಕೆಲಸ ಮಾಡುತ್ತೇವೆ. ಅವರು ಕೃತಿ ಬಾಗಿಲಲ್ಲಿರುವಾಗಲೇ ಮಾಡುತ್ತಾರೆ.

ಬಾಗಿಲಲ್ಲೇ ಪರೀಕ್ಷಿಸುವ ಒಂದು ಕಥೆ ನಮ್ಮ ತಾಲ್ಲೂಕಿನಲ್ಲೇ ಇದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಹೇಳುತ್ತಾನೆ. ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದರೂ ಹೊಕ್ಕುಳಿನ ಹತ್ತಿರ ಮಾತ್ರ ಹಸಿ ಉಳಿಯುತ್ತದೆ. ಒಡೆದು ನೋಡಿದರೆ ಒಳಗೆ ನೀರು, ಮರಳು, ಒಂದು ಕಪ್ಪೆ. ಈ ಕಥೆಯನ್ನು ನಾವು ತಂದೆ ಮಗನ ನಾಟಕವಾಗಿ ಹೇಳುತ್ತೇವೆ. ನನಗೆ ಇದು ಪರಿಶೀಲನೆಯ ಕಥೆಯಾಗಿಯೂ ಕಾಣುತ್ತದೆ. ಹುಡುಗ ಕೆತ್ತನೆಯ ಅಂದಚಂದದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವನ ತಕರಾರು ಕಲ್ಲಿನ ಬಗ್ಗೆ. ಪ್ರಶ್ನಾವಳಿ ಹಿಡಿದು ಬಂದ ನಮ್ಮೂರ ಹುಡುಗನ ಕೋಡು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನೂ ಆ ಪ್ರಶ್ನಾವಳಿ ಕೇಳಿರಲಿಲ್ಲ. ಕಲ್ಲು ಎಲ್ಲಿಯದು ಎಂದಷ್ಟೇ ಕೇಳಿತ್ತು.

ಕಥೆಯಲ್ಲಿ ನನಗೆ ಒಪ್ಪದ ಭಾಗವೂ ಇದೆ. ದೋಷ ಕಂಡ ಮೇಲೆ ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತಾನೆ. ಒಳ್ಳೆಯ ಪರಿಶೀಲನೆ ಯಾರ ಕೈಯನ್ನೂ ಕೇಳಬಾರದು. ದೋಷದ ಭಾಗ ಯಾವುದೆಂದು ತೋರಿಸಿ, ಅದನ್ನು ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಲು ದಾರಿ ಮಾಡಿಕೊಡಬೇಕು. ಇದನ್ನು ಮುಂದೆ ನೋಡೋಣ.

ಈಗ ಪತ್ರಗಳಿಗೆ ಬರುತ್ತೇನೆ. ಈ ಪ್ರಕಾರದಲ್ಲಿ ನಾನು ಓದಿದ ಅತ್ಯುತ್ತಮ ಗದ್ಯ ಲಿನಕ್ಸ್‌ನವರು ಬಳಸುವ ಮೂಲದ ದೃಢೀಕರಣ ಪತ್ರ. ಅದು ಹುಟ್ಟಿದ್ದು ಒಂದು ವ್ಯಾಜ್ಯದ ನೆರಳಿನಲ್ಲಿ. 2003ರ ಮಾರ್ಚಿಯಲ್ಲಿ ಎಸ್‌ಸಿಓ ಎಂಬ ಕಂಪನಿ, ಯುನಿಕ್ಸ್‌ನಲ್ಲಿ ತನಗೆ ಸೇರಿದ್ದನ್ನು ಐಬಿಎಂ ಲಿನಕ್ಸ್‌ಗೆ ಹಾಕಿದೆ ಎಂದು ದಾವೆ ಹೂಡಿತು. ಲಿನಕ್ಸ್‌ನಲ್ಲಿ ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವ ಕ್ರಮಬದ್ಧ ಸಹಿ ಆಗ ಇರಲಿಲ್ಲ. 2004ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಪತ್ರವನ್ನು ಮುಂದಿಟ್ಟರು. ಅಂದಿನಿಂದ ಪ್ರತಿ ಕೊಡುಗೆಯ ಕೆಳಗೂ ಕೊಟ್ಟವರ ಹೆಸರು ಮತ್ತು ಈಮೇಲ್ ವಿಳಾಸದ ಒಂದು ಸಾಲು ಇರಬೇಕು. ವ್ಯಾಜ್ಯದ ಕಡೆಯ ತಿರುವು ನಮ್ಮ ಕಡೆಯ ಜಮೀನು ಕೇಸಿನಂತೆಯೇ ಇದೆ. ಆ ಯುನಿಕ್ಸ್‌ನ ಹಕ್ಕುಸ್ವಾಮ್ಯ ಎಸ್‌ಸಿಓದ್ದಲ್ಲ, ನೊವೆಲ್ ಎಂಬ ಇನ್ನೊಂದು ಕಂಪನಿಯದು ಎಂದು 2010ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ದಾವೆ ಹಾಕಿದವರ ಹೆಸರೇ ಪಹಣಿಯಲ್ಲಿರಲಿಲ್ಲ.

ಆ ಪತ್ರಕ್ಕೆ ನಾಲ್ಕೇ ಕಲಮು. ಮೊದಲನೆಯದು: ಇದನ್ನು ಪೂರ್ತಿಯಾಗಿಯೋ ಭಾಗಶಃವೋ ನಾನೇ ಬರೆದೆ, ಕೊಡುವ ಹಕ್ಕು ನನಗಿದೆ. ಎರಡನೆಯದು: ಇದು ಹಿಂದಿನ ಕೆಲಸವೊಂದನ್ನು ಆಧರಿಸಿದೆ, ನನಗೆ ತಿಳಿದ ಮಟ್ಟಿಗೆ ಅದು ತಕ್ಕ ಮುಕ್ತ ಲೈಸೆನ್ಸಿನಲ್ಲಿದೆ, ಬದಲಾವಣೆಯೊಂದಿಗೆ ಕೊಡುವ ಹಕ್ಕು ನನಗಿದೆ. ಮೂರನೆಯದು: ಇದನ್ನು ಹೀಗೆಯೇ ದೃಢೀಕರಿಸಿದ ಇನ್ನೊಬ್ಬರು ನನ್ನ ಕೈಗೆ ಕೊಟ್ಟರು, ನಾನು ಏನನ್ನೂ ಬದಲಿಸಿಲ್ಲ. ನಾಲ್ಕನೆಯದು: ಈ ಕೊಡುಗೆಯೂ ನನ್ನ ಹೆಸರೂ ಸಾರ್ವಜನಿಕ ದಾಖಲೆಯಾಗಿ ಕೊನೆಯಿಲ್ಲದೆ ಉಳಿಯುತ್ತವೆಂದು ನನಗೆ ಗೊತ್ತು.

ಇದರ ಮೊದಲ ಗುಣ, ಉತ್ತಮ ಪುರುಷದಲ್ಲಿ ಮಾತಾಡುವುದು. ಕೊಡುವವನ ಬಾಯಲ್ಲೇ ಮಾತು ನಡೆಯುತ್ತದೆ. ಅವನ ಮೇಲೆ ಯಾರೋ ಷರತ್ತು ಹೇರಿದಂತೆ ಕೇಳಿಸುವುದಿಲ್ಲ. ಎರಡನೆಯ ಗುಣ, ಎಲ್ಲಿ ತಗ್ಗಬೇಕು ಎಂದು ತಿಳಿದಿರುವುದು. ‘ನನಗೆ ತಿಳಿದ ಮಟ್ಟಿಗೆ’ ಎಂಬ ಮಾತು ಎರಡನೆಯ ಕಲಮಿನಲ್ಲಿ ಮಾತ್ರ ಬರುತ್ತದೆ. ತಾನೇ ಬರೆದದ್ದರ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಹಿಂದಿನವರ ಕೆಲಸದ ಬಗ್ಗೆ ಯಾರೂ ಪೂರ್ತಿ ಜವಾಬ್ದಾರಿ ಹೊರಲಾರರು. ಈ ವಿವೇಕ ದೊಡ್ಡ ದೊಡ್ಡ ಸಂಶೋಧನ ಪ್ರಬಂಧಗಳಲ್ಲೂ ಸಿಗುವುದು ಕಷ್ಟ. ಮೂರನೆಯ ಕಲಮು ಓದಿದಾಗ ನನಗೆ ನೆನಪಾದವರು ನಮ್ಮ ಓಲೆಗರಿಯ ಲಿಪಿಕಾರರು. ನೋಡಿದ್ದನ್ನು ನೋಡಿದ ಹಾಗೆಯೇ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ನನ್ನದಲ್ಲ ಎಂದು ಅವರು ಪ್ರತಿಯ ಕೊನೆಯಲ್ಲಿ ಬರೆದಿಡುತ್ತಿದ್ದರು. ನಾಲ್ಕನೆಯದಂತೂ ಶಾಸನದ ಭಾಷೆ. ದತ್ತಿ ಕೊಟ್ಟವರು ಸೂರ್ಯಚಂದ್ರರಿರುವ ತನಕ ಎಂದು ಕಲ್ಲಿನಲ್ಲಿ ಬರೆಸಿದರು. ಇಲ್ಲಿ ಕಲ್ಲಿನ ಜಾಗದಲ್ಲಿ ಸಾವಿರಾರು ಕಂಪ್ಯೂಟರುಗಳಲ್ಲಿರುವ ಪ್ರತಿಗಳಿವೆ.

ಶಾಸನದ ಮಾತು ಸುಮ್ಮನೆ ತಂದದ್ದಲ್ಲ. ಕನ್ನಡದ ಮೊದಲ ಶಾಸನವೆಂದು ನಾವು ಹೇಳುವ ಹಲ್ಮಿಡಿಯದು ನಮ್ಮ ತಾಲ್ಲೂಕಿನ ಕಲ್ಲು, 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಸುಮಾರು 450ರ ಆ ಬರಹ ಮೂಲತಃ ಒಂದು ದತ್ತಿಯ ಪತ್ರ. ಯಾರಿಗೆ, ಏಕೆ, ಏನು ಕೊಟ್ಟರು ಎಂದು ಹೇಳಿ, ಕೆಡಿಸಿದವರಿಗೆ ಮಹಾಪಾತಕ ಎಂದು ಮುಗಿಯುತ್ತದೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗದ್ಯಗಳಲ್ಲೊಂದು ಕೊಡುಗೆಯ ದಾಖಲೆಯಾಗಿರುವಾಗ, ಕನ್ನಡಿಗರಿಗೆ ಈ ಪ್ರಕಾರ ಹೊಸದೆಂದು ಹೇಳಲಾಗದು.

ಈಗ ಸೋತ ಗದ್ಯದ ಕಡೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ವೈಯಕ್ತಿಕ ಕೊಡುಗೆ ಒಪ್ಪಂದವನ್ನು ತೆಗೆದುಕೊಳ್ಳಿ. ಉದ್ದೇಶ ಒಳ್ಳೆಯದು. ಹಕ್ಕುಸ್ವಾಮ್ಯವನ್ನು ಅದು ಕಿತ್ತುಕೊಳ್ಳುವುದಿಲ್ಲ. ಕೃತಿ ಬರೆದವರದಾಗಿಯೇ ಉಳಿದು, ಬಳಸುವ, ಹಂಚುವ ಅನುಮತಿ ಮಾತ್ರ ಫೌಂಡೇಶನ್ನಿಗೂ ಅದರಿಂದ ಪಡೆದವರಿಗೂ ಹೋಗುತ್ತದೆ. ಬೇರೆಯವರ ಕೃತಿಯನ್ನು ಕೊಡುವಾಗ ಅದನ್ನು ಬೇರೆಯಾಗಿ ಗುರುತಿಸಿ, ಮೂಲ ತಿಳಿಸಿ ಕೊಡಿ ಎಂಬ ಒಳ್ಳೆಯ ಕಲಮೂ ಇದೆ. ಆದರೆ ಅದರ ವಾಕ್ಯಗಳು ಉಸಿರು ಬಿಡಲು ಜಾಗ ಕೊಡುವುದಿಲ್ಲ. ‘ನೀವು’ ಎಂದರೆ ಯಾರು ಎಂದು ವಿವರಿಸಲಿಕ್ಕೇ ಒಂದು ಕಲಮು ಬೇಕಾಗುತ್ತದೆ. ವಕೀಲರಿಗಾಗಿ ವಕೀಲರು ಬರೆದ ಈ ಗದ್ಯವನ್ನು ಓದದೆ ಸಹಿ ಹಾಕುವವರೇ ಹೆಚ್ಚಿರಬೇಕೆಂದು ನನ್ನ ಊಹೆ. ಓದಿ ಅರ್ಥ ಮಾಡಿಕೊಂಡು ಹೇಳಬೇಕಾದ ಸತ್ಯವನ್ನು ಕೇಳುವ ಪತ್ರ ಓದಿಸಿಕೊಳ್ಳದಂತಿದ್ದರೆ ಅದು ಬರಹದ ಸೋಲು.

ಆದರೂ ಆ ಒಪ್ಪಂದದ ಒಂದು ಕಲಮನ್ನು ನಮ್ಮ ಹುಡುಗರು ಎರಡು ಸಲ ಓದಬೇಕು. ನಿಮ್ಮ ಕೆಲಸದ ಮೇಲೆ ನಿಮ್ಮ ಮಾಲೀಕರಿಗೆ ಹಕ್ಕಿದ್ದರೆ ಅವರ ಅನುಮತಿ ಪಡೆದಿದ್ದೀರಾ ಎಂದು ಅದು ಕೇಳುತ್ತದೆ. ನಮ್ಮ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೃತಿಯ ಮೊದಲ ಒಡೆಯ ಮಾಲೀಕನೇ. ರಾತ್ರಿ, ಮನೆಯಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದದ್ದು ನೌಕರಿಯ ಭಾಗವೇ? ಸಾಮಾನ್ಯ ಬುದ್ಧಿ ಅಲ್ಲ ಎನ್ನುತ್ತದೆ. ಆದರೆ ನೇಮಕಾತಿ ಪತ್ರಗಳಲ್ಲಿ, ಕೆಲಸದ ಅವಧಿಯಲ್ಲಿ ನೀವು ರಚಿಸಿದ್ದೆಲ್ಲ ಕಂಪನಿಯದು ಎನ್ನುವಷ್ಟು ಅಗಲವಾದ ಸಾಲುಗಳು ಇರಬಹುದು. ನಮ್ಮ ಹುಡುಗನ ಪತ್ರದಲ್ಲಿ ಇತ್ತು. ಮೊದಲ ಸಂಬಳದ ಸಂತೋಷದಲ್ಲಿ ಆ ಸಾಲನ್ನು ಯಾರು ಓದುತ್ತಾರೆ? ಅವನ ಮೂರು ವರ್ಷದ ರಾತ್ರಿಗಳು ತಾತನ ಹೆಸರಿನ ಜಮೀನಾಗಿದ್ದವು. ಉಳುಮೆ ಇವನದು, ಖಾತೆ ಬೇರೆಯವರದು. ಲಿಖಿತ ಅನುಮತಿ ಕೇಳು ಎಂದೆ. ನಾಲ್ಕು ತಿಂಗಳಾದ ಮೇಲೆ ಎರಡು ಸಾಲಿನ ಈಮೇಲ್ ಬಂತು: ಈ ಕೆಲಸದ ಮೇಲೆ ನಮಗೆ ಹಕ್ಕಿಲ್ಲ, ಕೊಡಬಹುದು.

ಇಷ್ಟಾದ ಮೇಲೆ ಕಪ್ಪೆ ಸಿಕ್ಕಿತು. ಅವನ ಪ್ರೋಗ್ರಾಂನಲ್ಲಿ ಎರಡು ಪದಪಟ್ಟಿಗಳಿದ್ದವು. ಒಂದು, ಇನ್ನೂ ಹಕ್ಕುಸ್ವಾಮ್ಯದಲ್ಲಿರುವ ನಿಘಂಟೊಂದರಿಂದ ಯಾರೋ ಟೈಪು ಮಾಡಿ ಹಂಚಿದ್ದು. ಕೈಯಿಂದ ಕೈಗೆ ಬಂದು ಇವನನ್ನು ಮುಟ್ಟಿತ್ತು. ಇನ್ನೊಂದು, ರಜೆಯಲ್ಲಿ ಬಂದಾಗಲೆಲ್ಲ ಇವನೇ ಮಾದಿಹಳ್ಳಿ, ಹಳೇಬೀಡು, ಜಾವಗಲ್ಲಿನ ಸುತ್ತ ಹಿರಿಯರನ್ನು ಕೂರಿಸಿಕೊಂಡು ಬರೆದುಕೊಂಡದ್ದು: ನೇಗಿಲಿನ ಭಾಗಗಳು, ರಾಗಿಯ ತಳಿಗಳು, ತೆಂಗಿನ ತೋಟದ ಮಾತು, ಅಡುಗೆ ಮನೆಯ ಪಾತ್ರೆಗಳು. ಯಾರ ಬಾಯಿಂದ, ಯಾವ ಊರಲ್ಲಿ, ಯಾವತ್ತು ಎಂದು ಪ್ರತಿ ಪದದ ಮುಂದೆ ಗುರುತು ಹಾಕಿದ್ದ. ಒಂದೊಂದು ಪದಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೆ ಒಬ್ಬರು ಆಯ್ದು, ಜೋಡಿಸಿ, ಅರ್ಥ ಬರೆದ ನಿಘಂಟಿಗೆ ಇದೆ. ಪರಿಶೀಲನೆ ಮಾಡಿದವರು ಮೊದಲ ಪಟ್ಟಿಯನ್ನು ತೆಗೆಯಿರಿ ಎಂದರು. ಸಾವಿರಾರು ಪದ ಹೋಯಿತು. ಎರಡನೆಯದು ಒಂದು ಪದವೂ ಕಳೆಯದೆ ಒಳಗೆ ಹೋಯಿತು. ದೊಡ್ಡ ನಿಘಂಟಿನ ಪದಗಳು ಬಾಗಿಲಾಚೆ ಉಳಿದು, ಹಳೇಬೀಡಿನ ಸಂತೆಯ ಪದಗಳು ಸೇರಿದ್ದಕ್ಕೆ ಕಾರಣ ಆ ಗುರುತುಗಳು.

“ಬೇಜಾರಾಯ್ತೇನೋ?” ಎಂದು ಕೇಳಿದೆ. “ಪಟ್ಟಿ ಹೋಯ್ತಲ್ಲ ಅಂತ ಆಯ್ತು ಸಾರ್. ಆದ್ರೆ ಕೋಡ್ ಉಳೀತು. ಪದ ಮತ್ತೆ ಕೂಡಿಸ್ಬೋದು” ಎಂದ. ಕೈ ಕತ್ತರಿಸದ ಪರಿಶೀಲನೆ ಎಂದು ನಾನು ಹೇಳಿದ್ದು ಇದನ್ನೇ.

ಮತ್ತೆ ಕೂಡಿಸಲು ದಾರಿಯೂ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ದತ್ತಾಂಶದ ಲೈಸೆನ್ಸಿನಡಿ ಹೊರಬಂತು. ಕಟ್ಟಿದವರೇ ಕೊಟ್ಟದ್ದರಿಂದ, ಯಾವ ಷರತ್ತಿನ ಮೇಲೆ ಎಂದು ಬರೆದು ಕೊಟ್ಟದ್ದರಿಂದ, ಅದನ್ನು ಬಳಸುವವರು ಹಿಂದೆಮುಂದೆ ನೋಡಬೇಕಿಲ್ಲ. ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಟ್ಟುಕೊಟ್ಟಾಗಲೂ ಹೀಗೆಯೇ. ವಾರಸುದಾರರ ಸಹಿ ಇತ್ತು. ಲೋಹಿತ್ ಕನ್ನಡ ಫಾಂಟಿನ ಕಥೆ ಇನ್ನೂ ಪಾಠ ಹೇಳುವಂಥದು. ರೆಡ್ ಹ್ಯಾಟ್ ಅದನ್ನು ಮೊದಲು ಜಿಪಿಎಲ್ ಲೈಸೆನ್ಸಿನಲ್ಲಿ ಬಿಟ್ಟಿತ್ತು. ಆ ಲೈಸೆನ್ಸು ಪ್ರೋಗ್ರಾಂಗಳಿಗೆಂದು ಬರೆದದ್ದು. ಫಾಂಟನ್ನು ದಾಖಲೆಯೊಳಗೆ ಹುದುಗಿಸಿದರೆ ದಾಖಲೆಗೂ ಆ ಷರತ್ತು ಅಂಟುತ್ತದೆಯೇ ಎಂಬ ಪ್ರಶ್ನೆ ಅಂಥ ಫಾಂಟುಗಳಿಗೆ ಎದುರಾಗುತ್ತಿತ್ತು, ಅದಕ್ಕೆ ವಿನಾಯಿತಿ ಸೇರಿಸಬೇಕಾಗುತ್ತಿತ್ತು. 2011ರಲ್ಲಿ ಲೋಹಿತ್ ಫಾಂಟುಗಳನ್ನು ಫಾಂಟುಗಳಿಗೆಂದೇ ಬರೆದ ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿಸಿದರು. ಹಕ್ಕುದಾರರು ಯಾರೆಂದು ಗೊತ್ತಿಲ್ಲದ ಫಾಂಟಿಗೆ ಇಂಥ ತಿದ್ದುಪಡಿ ಸಾಧ್ಯವೇ ಇಲ್ಲ, ಕೇಳುವುದು ಯಾರನ್ನು?

ಹಾಸನದ, ಬೇಲೂರಿನ ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ನೋಡಿ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿ ಬಂದ ಕನ್ನಡ ಫಾಂಟುಗಳು ಎಷ್ಟೋ ಇವೆ. ಮದುವೆ ಪತ್ರಿಕೆ ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಯಾರು ಬರೆದರು ಎಂದು ಕೇಳಿದರೆ ಉತ್ತರವಿಲ್ಲ. ಯಾರೂ ತಡೆಯುವುದಿಲ್ಲವಾದ್ದರಿಂದ ಅವು ಮುಕ್ತ ಎಂದು ನಾವು ತಿಳಿದಿದ್ದೇವೆ. ಉಚಿತ ಬೇರೆ, ಮುಕ್ತ ಬೇರೆ. ಪುಕ್ಕಟೆ ಸಿಕ್ಕಿದ್ದನ್ನು ಬಳಸಬಹುದು. ತಿದ್ದಲು, ಮುಂದಕ್ಕೆ ಕಟ್ಟಲು ಯಾರಾದರೂ ಅನುಮತಿ ಕೊಟ್ಟಿರಬೇಕು. ಅದಿಲ್ಲದ ಫಾಂಟು ಯುನಿಕೋಡ್ ಕಾಲಕ್ಕೆ ದಾಟಲಾರದೆ ಆ ಅಂಗಡಿಯ ಹಳೆಯ ಕಂಪ್ಯೂಟರಿನೊಡನೆಯೇ ಕೊನೆಯಾಗುತ್ತದೆ.

“ಕನ್ನಡಕ್ಕಾಗಿ ಮಾಡಿದ್ದು, ಎಲ್ಲರೂ ಬಳಸಿಕೊಳ್ಳಿ” ಎಂಬ ಉದಾರ ಮಾತಿನ ಪಾಡನ್ನೂ ಇಲ್ಲಿ ಹೇಳಬೇಕು. ಮನಸ್ಸು ದೊಡ್ಡದು, ಪತ್ರ ಚಿಕ್ಕದು. ನಮ್ಮ ಕಾಯಿದೆಯ 19ನೇ ಕಲಮು, ಹಕ್ಕನ್ನು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದೇ ಭಾವಿಸುತ್ತದೆ. 30ಎ ಕಲಮು ಇದೇ ನಿಯಮವನ್ನು ಲೈಸೆನ್ಸುಗಳಿಗೂ ಅನ್ವಯಿಸುತ್ತದೆ. ಅಂದರೆ ಎರಡು ಸಾಲಿನ ಆ ಉದಾರ ಪತ್ರದ ಆಯಸ್ಸು ಕಾನೂನಿನ ಕಣ್ಣಿಗೆ ಐದೇ ವರ್ಷ ಆಗಿಬಿಡಬಹುದು. ಶಿಕಾಗೋದಲ್ಲೋ ದುಬೈಯಲ್ಲೋ ಇರುವ ಕನ್ನಡಿಗನಿಗೆ ಅದು ಮೊದಲ ದಿನದಿಂದಲೇ ಅನುಮಾನದ ಪತ್ರ. ಅಪಾಚೆಯ ಒಪ್ಪಂದದಲ್ಲಿ ಬರುವ ಶಾಶ್ವತ, ಜಗತ್ತಿನಾದ್ಯಂತ ಎಂಬ ಮಾತುಗಳು ಮೊದಲ ಓದಿಗೆ ಆಡಂಬರ ಎನಿಸಿದ್ದವು. ಈ ಕಲಮು ಓದಿದ ಮೇಲೆ ಆ ಮಾತುಗಳಿಗೆ ಅಲ್ಲಿ ಕೆಲಸವಿದೆ ಎಂದು ತಿಳಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನದೊಂದು ತಕರಾರು ಉಳಿಯುತ್ತದೆ. ಈ ಎಲ್ಲ ಪತ್ರಗಳ ಕರ್ತೃ ‘ನಾನು’. ನಮ್ಮ ಹುಡುಗ ಬರೆದುಕೊಂಡ ರಾಗಿಯ ತಳಿಗಳ ಹೆಸರು ಯಾರವು? ಹೇಳಿದ ಅಜ್ಜಿಯವೂ ಅಲ್ಲ, ಬರೆದುಕೊಂಡ ಇವನವೂ ಅಲ್ಲ, ಊರಿನವು. ಪ್ರಶ್ನಾವಳಿಯಲ್ಲಿ ‘ನಮ್ಮೆಲ್ಲರದು’ ಎಂದು ಬರೆಯಲು ಜಾಗವಿರಲಿಲ್ಲ. ಇದು ನಿಮ್ಮ ಸ್ವಂತ ರಚನೆಯೇ ಎಂಬ ಪ್ರಶ್ನೆಗೆ ಹೌದು ಎಂದರೂ ಸುಳ್ಳು, ಅಲ್ಲ ಎಂದರೂ ಅನುಮಾನ. ಕಡೆಗೆ ಟಿಪ್ಪಣಿಯ ಜಾಗದಲ್ಲಿ, ಸಂಗ್ರಹ ನನ್ನದು, ಮಾತು ಹೇಳಿದವರದು, ಅವರನ್ನು ಕೇಳಿಯೇ ಬರೆದುಕೊಂಡೆ ಎಂದು ಬರೆದ. ಅವರು ಒಪ್ಪಿಕೊಂಡರು. ಟಿಪ್ಪಣಿಯಲ್ಲಿ ಸಿಕ್ಕ ಈ ಜಾಗ ಪ್ರಶ್ನೆಯಲ್ಲೇ ಇರಬೇಕಿತ್ತು. ಜನಪದ, ಮೌಖಿಕ ಪರಂಪರೆ, ಊರಿನ ಜ್ಞಾನ ಇವು ದೊಡ್ಡದಾಗಿರುವ ನಮ್ಮಂಥ ಭಾಷೆಗಳಿಗೆ ಒಬ್ಬನೇ ಕರ್ತೃವಿನ ಅಚ್ಚು ಸಾಲದು. ಇದನ್ನು ಫೌಂಡೇಶನ್ನುಗಳಿಗೆ ಹೇಳಬೇಕಾದವರು ನಾವೇ. ನಮ್ಮಂತೆ ಬದುಕದವರಿಗೆ ಇದು ತಾನಾಗಿ ಹೊಳೆಯುವುದಿಲ್ಲ.

ಹೇಳುವ ಮುಂಚೆ ನಮ್ಮ ಮನೆಯ ಪಾಠವನ್ನೂ ನೋಡಬೇಕು. ಜಕಣಾಚಾರಿಯ ಹೆಸರು ಎಲ್ಲರ ಬಾಯಲ್ಲಿದೆ. ಬೇಲೂರಿನ ಗುಡಿ ಕಟ್ಟಿದವನೆಂದು ಅವನನ್ನು ಹೆಸರಿಸುವ ಶಾಸನ ಅಲ್ಲಿಲ್ಲ. ಅಲ್ಲಿನ ವಿಗ್ರಹಗಳ ಪೀಠದಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಸಹಿ. ಕಥೆಯಲ್ಲಿ ಒಂದು ತಂದೆ ಮಗನ ಜೋಡಿ, ಕಲ್ಲಿನಲ್ಲಿ ಇನ್ನೊಂದು. ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಕೆತ್ತಿದ ಮಲ್ಲಿತಮ್ಮ ತನ್ನ ಹೆಸರನ್ನು ಎಷ್ಟೋ ಕಡೆ ‘ಮಲ್ಲಿ’ ಎಂದೋ ಬರಿಯ ‘ಮ’ ಎಂದೋ ಗುರುತಿಸಿ ಮುಂದಿನ ಕಲ್ಲಿಗೆ ಹೋಗಿದ್ದಾನೆ. ಗುಡಿ ಅವನದಲ್ಲ, ಕಲ್ಲು ಅವನದಲ್ಲ, ಕೂಲಿಯೂ ಸಂದಿದೆ. ಆದರೂ ಕೆಲಸ ಅವನದೆಂಬ ಗುರುತು ಉಳಿದಿದೆ. ನಮ್ಮ ಕಾಯಿದೆಯ 57ನೇ ಕಲಮು ಹೇಳುವುದೂ ಇದನ್ನೇ: ಹಕ್ಕುಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನದೇ. ಆ ಒಂದಕ್ಷರದ ಸಹಿಯಿಂದಲೇ ಶತಮಾನಗಳಾದ ಮೇಲೆ ವಿದ್ವಾಂಸರು ಅವನ ಕೈ ಎಲ್ಲೆಲ್ಲಿ ಆಡಿದೆ ಎಂದು ಗುರುತಿಸಲು ಸಾಧ್ಯವಾಯಿತು.

ಆದ್ದರಿಂದ ನನ್ನ ಸಲಹೆ ಸರಳ. ಕನ್ನಡದಲ್ಲಿ ಒಂದು ಪುಟದ ಪತ್ರ ಬೇಕು, ಲಿನಕ್ಸ್‌ನವರದಷ್ಟೇ ತಿಳಿಯಾದ ಗದ್ಯದಲ್ಲಿ. ಬರೆದವರು ಯಾರು, ಯಾವಾಗ, ಎಲ್ಲಿಂದ ಏನನ್ನು ತೆಗೆದುಕೊಂಡರು, ಊರಿನವರಿಂದ ಪಡೆದದ್ದಾದರೆ ಯಾರನ್ನು ಕೇಳಿ ಪಡೆದರು, ಕೆಲಸದಲ್ಲಿರುವವರಾದರೆ ಮಾಲೀಕರ ಅನುಮತಿ ಇದೆಯೇ, ಯಾವ ಲೈಸೆನ್ಸು, ಎಷ್ಟು ಕಾಲ, ಎಲ್ಲಿಯವರೆಗೆ. ಫಾಂಟಿಗೆ, ಪದಪಟ್ಟಿಗೆ, ಕೋಡಿಗೆ ಅಷ್ಟೇ ಅಲ್ಲ, ನಾವು ದಾಖಲಿಸುತ್ತಿರುವ ಹಾಡು ಕಥೆಗಳ ಧ್ವನಿಮುದ್ರಣಕ್ಕೂ ಇದೇ ಪುಟ ನಡೆಯುತ್ತದೆ. ಇದನ್ನು ಬರೆಯಲು ವಕೀಲರ ಜೊತೆ ಕನ್ನಡ ಮೇಷ್ಟ್ರುಗಳೂ ಕೂರಬೇಕು. ಗ್ರಂಥ ಸಂಪಾದನೆಯ ಪತ್ರಿಕೆ ಇನ್ನೂ ಇರುವ ಕಾಲೇಜುಗಳಲ್ಲಿ ಇದನ್ನು ಕೊನೆಯ ಅಧ್ಯಾಯವಾಗಿ ಸೇರಿಸಿದರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಆ ಪ್ರಶ್ನೆಗಳನ್ನು ತಿಳಿದಿರುತ್ತಾರೆ.